ಟೆಕ್ಸಾಸ್‌ನಲ್ಲಿ ಕಡಿಮೆ ಖರ್ಚಿನ ಹಂದಿ ಶಿಕಾರಿ: ಲೈಸೆನ್ಸ್‌ನಿಂದ ಬಾಣಲೆಯವರೆಗೆ

ಟೆಕ್ಸಾಸ್‌ನಲ್ಲಿ ಹಂದಿ ಶಿಕಾರಿಗೆ ಸಾವಿರಾರು ಡಾಲರ್ ಬೇಕು ಅನ್ನುವ ಮಾತು ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ನಡುವೆ ಇದೆ. ಹೆಲಿಕಾಪ್ಟರ್‌ನಿಂದ ಗುಂಡು ಹಾರಿಸುವ ವಿಡಿಯೊಗಳನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. 2011ರಿಂದ ಅದು ಇಲ್ಲಿ ಕಾನೂನುಬದ್ಧ, ಮತ್ತು ನಿಜವಾಗಿಯೂ ದುಬಾರಿ. ಆದರೆ ಹಂದಿ ಹೊಡೆಯಲು ಅದು ಬೇಕಿಲ್ಲ. ಇಲ್ಲಿ ಹಂದಿ ಯಾರೂ ಕಾಪಾಡುವ ಪ್ರಾಣಿ ಅಲ್ಲ. ತೊಲಗಿದರೆ ಸಾಕು ಅಂತ ರೈತರು ಕಾಯುತ್ತಿರುವ ಪ್ರಾಣಿ. ಸೀಸನ್ ಇಲ್ಲ, ಇಷ್ಟೇ ಹೊಡೆಯಬೇಕು ಅನ್ನುವ ಮಿತಿ ಇಲ್ಲ.

ಖರ್ಚು ಏರುವುದು ಬೇರೆಯವರ ಕೈಯಲ್ಲಿ ಮಾಡಿಸಿಕೊಳ್ಳುವ ಕೆಲಸಗಳಿಂದ. ಜಾಗ ಹುಡುಕಿಸುವುದು, ಕೋವಿ ಬಾಡಿಗೆಗೆ ತೆಗೆದುಕೊಳ್ಳುವುದು, ಹಂದಿ ಬರುವಂತೆ ಕಾಳು ಹಾಕಿಸುವುದು, ಸುಲಿಸುವುದು, ಮಾಂಸ ಕಡಿಸುವುದು. ಇದರಲ್ಲಿ ಎಷ್ಟನ್ನು ನೀವೇ ಮಾಡುತ್ತೀರೋ ಅಷ್ಟು ಹಣ ಉಳಿಯುತ್ತದೆ. ಈ ಬರಹದಲ್ಲಿ ಆ ಕೆಲಸಗಳನ್ನು ಒಂದೊಂದಾಗಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಅಮೆರಿಕಕ್ಕೆ ಮಾತ್ರ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಕಾಡುಹಂದಿ ಹೊಡೆಯುವುದು ಅಪರಾಧ. ಕೊಡಗಿನವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ ನಿಜ. ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿ, ಶಿಕಾರಿಗೆ ಕೊಟ್ಟದ್ದಲ್ಲ. ಅಲ್ಲಿ ಕಾಡುಹಂದಿ ಕಾಡಿಗೆ ಸೇರಿದ ಪ್ರಾಣಿ, ಹುಲಿ ಚಿರತೆಗಳ ಆಹಾರ. ಟೆಕ್ಸಾಸ್‌ನ ಕಥೆ ಬೇರೆ. ಅಮೆರಿಕ ಖಂಡದಲ್ಲಿ ಹಂದಿ ಮೊದಲು ಇರಲೇ ಇಲ್ಲ. ಸ್ಪೇನ್‌ನವರು ಸಾಕುಹಂದಿಗಳನ್ನು ಹಡಗಿನಲ್ಲಿ ತಂದರು. 1539ರಲ್ಲಿ ಸ್ಪೇನ್‌ನ ಅನ್ವೇಷಕ ಡಿ ಸೋಟೊ ಫ್ಲೋರಿಡಾದಲ್ಲಿ ಇಳಿದಾಗ ಅವನ ಜೊತೆ ಹಂದಿಗಳ ಹಿಂಡೇ ಇತ್ತು. ತಪ್ಪಿಸಿಕೊಂಡವು ಕಾಡು ಸೇರಿದವು. 1930ರ ದಶಕದಲ್ಲಿ ಯುರೋಪಿನ ಕಾಡುಹಂದಿಗಳನ್ನು ಶಿಕಾರಿಗೆಂದೇ ತಂದು ಬಿಟ್ಟರು. ಎರಡೂ ಬೆರೆತು ಇವತ್ತು ಟೆಕ್ಸಾಸ್‌ನ 254 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಬಹುಪಾಲು ಎಲ್ಲ ಕಡೆ ಹಂದಿ ಇದೆ. ಒಟ್ಟು ಸಂಖ್ಯೆ ಇಪ್ಪತ್ತು ಲಕ್ಷಕ್ಕಿಂತ ಜಾಸ್ತಿ ಅನ್ನುವ ಅಂದಾಜಿದೆ. ಹೆಣ್ಣು ಎಂಟು ತಿಂಗಳಿಗೆಲ್ಲ ಮರಿ ಹಾಕುವ ವಯಸ್ಸಿಗೆ ಬರುತ್ತದೆ, ನಾಲ್ಕು ತಿಂಗಳೊಳಗೆ ಈಯುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ಮೆಕ್ಕೆಜೋಳ, ಶೇಂಗಾ, ಭತ್ತ ಬೆಳೆದವನ ಹೊಲಕ್ಕೆ ಒಂದು ಹಿಂಡು ರಾತ್ರಿ ನುಗ್ಗಿದರೆ ಬೆಳಗ್ಗೆ ಹೊಲ ಉಳಿದಿರುವುದಿಲ್ಲ. ಆ ರೈತನ ಮುಖ ಒಮ್ಮೆ ನೋಡಿದರೆ ಈ ಶಿಕಾರಿ ಯಾಕೆ ಬೇಕು ಅಂತ ಗೊತ್ತಾಗುತ್ತದೆ.

ಮೊದಲು ಕಾಗದಪತ್ರ

ನಮ್ಮವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹಾಗಾಗಿ ಇದನ್ನು ನಿಧಾನವಾಗಿ ಓದಿ.

2019ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಒಂದು ಬದಲಾವಣೆ ಆಗಿದೆ. ಖಾಸಗಿ ಜಮೀನಿನಲ್ಲಿ, ಜಮೀನುದಾರ ಒಪ್ಪಿದರೆ, ಹಂದಿ ಹೊಡೆಯಲು ಹಂಟಿಂಗ್ ಲೈಸೆನ್ಸ್ ಬೇಕಿಲ್ಲ. ಸಹೋದ್ಯೋಗಿಗಳು ಇದನ್ನೇ ಹೇಳುತ್ತಾರೆ: "ಲೈಸೆನ್ಸ್ ಯಾಕೆ, ಸುಮ್ನೆ ಬಾ." ಅವರ ಮಟ್ಟಿಗೆ ಅದು ಸರಿ. ಅವರು ಇಲ್ಲಿನ ಪ್ರಜೆಗಳು. ನೀವು ಎಚ್-1ಬಿ, ಎಚ್-4, ಎಲ್-1, ಎಫ್-1 ಅಥವಾ ಪ್ರವಾಸಿ ವೀಸಾದಲ್ಲಿ ಇದ್ದರೆ ಆ ಮಾತು ನಿಮಗೆ ಅನ್ವಯಿಸುವುದಿಲ್ಲ.

ಕಾರಣ ಫೆಡರಲ್ ಕಾನೂನು. ಇಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಹೊಂದಿರುವಂತಿಲ್ಲ. ಬೇರೆಯವರ ಕೋವಿಯನ್ನು ಒಂದು ಗಂಟೆ ಕೈಯಲ್ಲಿ ಹಿಡಿದರೂ ಹೊಂದಿದ ಹಾಗೇ ಲೆಕ್ಕ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮಗೆ ಉಪಯೋಗಕ್ಕೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಅಂದರೆ ಟೆಕ್ಸಾಸ್ ರಾಜ್ಯ ಕೇಳದಿದ್ದರೂ ನೀವು ಲೈಸೆನ್ಸ್ ಮಾಡಿಸಲೇಬೇಕು. ಶೂಟಿಂಗ್ ರೇಂಜ್‌ಗೆ ಅಭ್ಯಾಸಕ್ಕೆ ಹೋಗುವ ಮೊದಲೇ ಅದು ಜೇಬಿನಲ್ಲಿರಲಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕು ಇಲ್ಲ. ವೀಸಾ ಸ್ಥಿತಿ ಬದಲಾಗುತ್ತಿರುವವರು, ಅರ್ಜಿ ಹಾಕಿ ಕಾಯುತ್ತಿರುವವರು ಇಮಿಗ್ರೇಷನ್ ವಕೀಲರ ಹತ್ತಿರ ಒಂದು ಮಾತು ಕೇಳಿಕೊಳ್ಳಿ. ಒಂದು ದಿನದ ಶಿಕಾರಿಗೋಸ್ಕರ ಹತ್ತು ವರ್ಷದ ಕಾಯುವಿಕೆಯನ್ನು ಪಣಕ್ಕಿಡುವುದು ಬೇಡ.

ಇನ್ನೊಂದು ವಿಷಯ. ಟೆಕ್ಸಾಸ್‌ನ ವರ್ಷದ ಲೈಸೆನ್ಸ್ ಯಾವಾಗ ಮಾಡಿಸಿದರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ವೀಸಾದಲ್ಲಿರುವವರು ಮನೆಯಲ್ಲಿ ಕೋವಿಯನ್ನೋ ಒಂದು ಪೆಟ್ಟಿಗೆ ತೋಟೆಯನ್ನೋ ಇಟ್ಟುಕೊಂಡು, ಲೈಸೆನ್ಸ್ ನವೀಕರಿಸುವುದನ್ನು ಮರೆತರೆ, ಸೆಪ್ಟೆಂಬರ್ 1ರ ಬೆಳಗ್ಗೆ ಆ ವಿನಾಯಿತಿ ಇಲ್ಲವಾಗಿರುತ್ತದೆ. ಹೊಸ ವರ್ಷದ ಲೈಸೆನ್ಸ್ ಆಗಸ್ಟ್ ಮಧ್ಯದಲ್ಲೇ ಸಿಗುತ್ತದೆ. ಫೋನಿನಲ್ಲಿ ಅಲಾರಂ ಹಾಕಿಕೊಳ್ಳಿ.

ಬೆಲೆ ಜಾಸ್ತಿ ಇಲ್ಲ. ಟೆಕ್ಸಾಸ್‌ನಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಬಿಡದೆ ವಾಸ ಇದ್ದವರಿಗೆ ಹಂಟಿಂಗ್ ಲೈಸೆನ್ಸ್ 25 ಡಾಲರ್. ಬೇರೆ ರಾಜ್ಯದಿಂದ ಬರುವವರು 315 ಡಾಲರ್‌ನ ಪೂರ್ಣ ಲೈಸೆನ್ಸ್ ಕೊಳ್ಳಬೇಕಿಲ್ಲ. ಐದು ದಿನದ ವಿಶೇಷ ಲೈಸೆನ್ಸ್ 48 ಡಾಲರ್‌ಗೆ ಸಿಗುತ್ತದೆ, ಹಂದಿಗೆ ಅದು ಸಾಕು. ಊರಿಂದ ಬಂದ ಅಣ್ಣನನ್ನೋ ಭಾವನನ್ನೋ ಕರೆದುಕೊಂಡು ಹೋಗುವುದಾದರೆ ಅವರಿಗೂ ಇದೇ. ಟೆಕ್ಸಾಸ್ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಇಲಾಖೆಯ ವೆಬ್‌ಸೈಟ್‌ನಲ್ಲಿ, ಅಥವಾ ಕ್ರೀಡಾ ಸಾಮಾನಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ದರ ಆಗಾಗ ಬದಲಾಗುವುದರಿಂದ ಕೊಳ್ಳುವಾಗ ನೋಡಿಕೊಳ್ಳಿ.

ಲೈಸೆನ್ಸ್ ಜೊತೆಗೆ ಹಂಟರ್ ಎಜುಕೇಷನ್ ಕೋರ್ಸ್. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಇದು ಕಡ್ಡಾಯ. 17 ತುಂಬಿದವರು ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಬಹುದು. ಒಂದು ಬಾರಿಗೆ ಮಾತ್ರ ಮುಂದೂಡುವ ಅವಕಾಶ ಇದೆ, ಅನುಭವಿ ಜೊತೆಗಿರಬೇಕು ಅನ್ನುವ ಷರತ್ತಿನ ಮೇಲೆ. ನನ್ನ ಕೇಳಿದರೆ ಮುಂದೂಡಬೇಡಿ. ಕೋವಿ ಮುಟ್ಟಿ ಗೊತ್ತಿಲ್ಲದವರಿಗೆ ನಳಿಗೆಯನ್ನು ಎತ್ತ ತಿರುಗಿಸಬೇಕು, ಬೇಲಿ ದಾಟುವಾಗ ಏನು ಮಾಡಬೇಕು ಅಂತ ಹೇಳಿಕೊಡುವುದೇ ಈ ಕೋರ್ಸು. ಆ ಪ್ರಮಾಣಪತ್ರ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ.

ಯಾವಾಗ ಹೋಗಬೇಕು

ಫೆಬ್ರವರಿ, ಮಾರ್ಚ್. ಇದಕ್ಕೆ ಕಾರಣಗಳಿವೆ.

ನವೆಂಬರ್ ಮೊದಲ ವಾರದಿಂದ ಜನವರಿಯವರೆಗೆ ಇಲ್ಲಿ ಜಿಂಕೆ ಸೀಸನ್. ಆಗ ಒಳ್ಳೆಯ ಜಮೀನೆಲ್ಲ ಜಿಂಕೆಗೆ ಬಂದವರ ಪಾಲು. ಜಿಂಕೆ ಸೀಸನ್ ಮುಗಿದ ಮೇಲೆ ಅದೇ ಅಟ್ಟಣಿಗೆ, ಅದೇ ಫೀಡರ್ (ಜೋಳ ಚೆಲ್ಲುವ ಡಬ್ಬ), ಅದೇ ಬಂಕ್‌ಹೌಸ್ (ಬಂದವರು ಮಲಗುವ ಮನೆ) ಖಾಲಿ ಬಿದ್ದಿರುತ್ತದೆ. ಮಾಲೀಕ ಕಡಿಮೆ ದರಕ್ಕೆ ಕೊಡಲು ತಯಾರಿರುತ್ತಾನೆ. ವಾರದ ನಡುವೆ ಹೋದರೆ ಇನ್ನೂ ಕಡಿಮೆ.

ಇನ್ನೊಂದು ಕಾರಣ ಓಕ್ ಮರದ ಕಾಯಿ. ಶರತ್ಕಾಲದಲ್ಲಿ ಅದು ನೆಲದ ತುಂಬ ಬಿದ್ದಿರುತ್ತದೆ. ಹಂದಿಗೆ ಅದಕ್ಕಿಂತ ರುಚಿ ಬೇರೆ ಇಲ್ಲ, ಹಾಗಾಗಿ ಜೋಳದ ಫೀಡರ್ ಕಡೆ ತಿರುಗಿ ನೋಡುವುದಿಲ್ಲ. ಫೆಬ್ರವರಿ ಹೊತ್ತಿಗೆ ಕಾಯಿ ಮುಗಿದು ಹೊಸ ಹುಲ್ಲು ಇನ್ನೂ ಎದ್ದಿರುವುದಿಲ್ಲ. ಹಸಿದ ಹಂದಿ ಜೋಳಕ್ಕೆ ಬರುತ್ತದೆ. ಮಾಂಸ ಕೆಡದಿರಲು ಬೇಕಾದ ಚಳಿಯೂ ಇರುತ್ತದೆ. ಹಾವು, ಉಣ್ಣೆ, ಚಿಗರ್ ಹುಳದ ಕಾಟವೂ ಕಡಿಮೆ. ಬೇಸಿಗೆಯಲ್ಲಿ ಹೋಗಲೇಬೇಕಾದರೆ ನೀರಿನ ಹತ್ತಿರ ಕೂರಬೇಕು, ಐಸ್‌ಗೆ ಎರಡು ಪಟ್ಟು ಖರ್ಚು ಮಾಡಬೇಕು.

ಜಾಗ ಹುಡುಕುವುದು

ಟೆಕ್ಸಾಸ್‌ನ ಸುಮಾರು 95% ಜಮೀನು ಖಾಸಗಿ. ಹಾಗಾಗಿ ಖರ್ಚಿನ ಪ್ರಶ್ನೆ ಅಂದರೆ ಮುಖ್ಯವಾಗಿ ಜಾಗದ ಪ್ರಶ್ನೆ. ದಾರಿ ಮೂರಿವೆ.

ಎಲ್ಲಕ್ಕಿಂತ ಅಗ್ಗದ್ದು ರೈತನ ಜಮೀನು. ಹಣಕ್ಕಲ್ಲ, ನಂಬಿಕೆಗೆ ಸಿಗುವಂಥದ್ದು. ಪರಿಚಯ ಇಲ್ಲದವರಿಗೆ ಕೋವಿ ಹಿಡಿದು ಓಡಾಡಲು ಯಾರೂ ಜಮೀನು ಬಿಟ್ಟುಕೊಡುವುದಿಲ್ಲ. ನಮ್ಮೂರಲ್ಲೂ ಬಿಡುವುದಿಲ್ಲ, ಅಲ್ವಾ? ಮೊದಲು ಆಫೀಸಿನಲ್ಲಿ ಕೇಳಿ. ಡಾಲಸ್, ಆಸ್ಟಿನ್, ಹ್ಯೂಸ್ಟನ್‌ನ ಆಫೀಸುಗಳಲ್ಲಿ ಅಜ್ಜನ ರಾಂಚ್ (ದನ ಮೇಯಿಸುವ ದೊಡ್ಡ ಜಮೀನು) ಇರುವವರು ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು. ಆಮೇಲೆ ಹಳ್ಳಿಯ ಕಡೆಯ ಫೀಡ್ ಸ್ಟೋರ್‌ಗಳು. ಅಲ್ಲಿನ ನೋಟಿಸ್ ಬೋರ್ಡ್ ನೋಡಿ, ಕೌಂಟರ್‌ನಲ್ಲಿ ಮಾತಾಡಿಸಿ. ಬಹುತೇಕ ಪ್ರತಿ ಕೌಂಟಿಯಲ್ಲೂ ಟೆಕ್ಸಾಸ್ ಎ ಆ್ಯಂಡ್ ಎಂ ಅಗ್ರಿಲೈಫ್ ಎಕ್ಸ್‌ಟೆನ್ಷನ್‌ನ ಕಚೇರಿ ಇರುತ್ತದೆ, ನಮ್ಮ ರೈತ ಸಂಪರ್ಕ ಕೇಂದ್ರದಂತೆ. ಹಂದಿ ಕಾಟ ಎಲ್ಲಿ ಜಾಸ್ತಿ ಅಂತ ಅವರಿಗೆ ಗೊತ್ತಿರುತ್ತದೆ.

ರೈತನ ಹತ್ತಿರ ಮೊದಲ ದಿನವೇ ಶಿಕಾರಿಯ ಮಾತು ಎತ್ತಬೇಡಿ. ಒಂದು ಶನಿವಾರ ಹೋಗಿ ಬೇಲಿ ರಿಪೇರಿಗೆ ಕೈ ಹಾಕಿ, ಬೋನು ಹೊರಲು ನೆರವಾಗಿ. ಒಪ್ಪಿದ ಮೇಲೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾರು ಯಾರು, ಯಾವ ದಿನ, ಯಾವ ಗೇಟು, ದನಗಳು ಎಲ್ಲಿ ಮೇಯುತ್ತವೆ, ಮನೆ ಯಾವ ದಿಕ್ಕಿಗಿದೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಇಷ್ಟನ್ನು ಪಾಲಿಸಿದವರಿಗೆ ಮುಂದಿನ ವರ್ಷ ರೈತನೇ ಫೋನ್ ಮಾಡುತ್ತಾನೆ.

ಪಕ್ಕದ ಜಮೀನಿನ ಗಡಿಯ ಬಗ್ಗೆ ಬಹಳ ಎಚ್ಚರ ಬೇಕು. ಮರದ ಮೇಲೋ ಕಂಬದ ಮೇಲೋ ನೇರಳೆ ಬಣ್ಣದ ಉದ್ದ ಪಟ್ಟಿ ಬಳಿದಿದ್ದರೆ ಅದು ಒಳಗೆ ಬರಬಾರದು ಅನ್ನುವ ಕಾನೂನಿನ ಗುರುತು. ಬೋರ್ಡ್ ಇರಬೇಕೆಂದೇನಿಲ್ಲ. ಗಾಯಗೊಂಡ ಹಂದಿ ಬೇಲಿ ದಾಟಿ ಹೋದರೂ ಕೇಳದೆ ಹಿಂದೆ ಹೋಗುವಂತಿಲ್ಲ. ರಸ್ತೆಯಿಂದ ಗುಂಡು ಹಾರಿಸುವುದೂ ಅಪರಾಧ.

ಎರಡನೆಯದು ಸರ್ಕಾರಿ ಜಾಗ. 48 ಡಾಲರ್‌ನ ಆ್ಯನುಯಲ್ ಪಬ್ಲಿಕ್ ಹಂಟಿಂಗ್ ಪರ್ಮಿಟ್ ಕೊಂಡರೆ ಹತ್ತು ಲಕ್ಷ ಎಕರೆಯಷ್ಟು ಜಾಗಕ್ಕೆ ವರ್ಷವಿಡೀ ಪ್ರವೇಶ. ಹ್ಯೂಸ್ಟನ್‌ನ ಉತ್ತರಕ್ಕೆ ಸ್ಯಾಮ್ ಹ್ಯೂಸ್ಟನ್ ನ್ಯಾಷನಲ್ ಫಾರೆಸ್ಟ್, ಪೂರ್ವದ ಕಡೆ ಡೇವಿ ಕ್ರಾಕೆಟ್ ಕಾಡು, ಡಾಲಸ್‌ಗೆ ಹತ್ತಿರ ಕ್ಯಾಡೊ ಹುಲ್ಲುಗಾವಲು ಇವೆಲ್ಲ ಇದರಲ್ಲಿ ಬರುತ್ತವೆ. ಆದರೆ ಇಲ್ಲಿ ಲೈಸೆನ್ಸ್ ಎಲ್ಲರಿಗೂ ಬೇಕು. ಹಗಲು ಮಾತ್ರ, ರಾತ್ರಿ ಶಿಕಾರಿ ಇಲ್ಲ. ಕಾಳು ಹಾಕುವಂತಿಲ್ಲ. ಕಿತ್ತಳೆ ಬಣ್ಣದ ಟೊಪ್ಪಿ ಮತ್ತು ಒಟ್ಟು 400 ಚದರ ಇಂಚಿನಷ್ಟು ಅದೇ ಬಣ್ಣದ ಬಟ್ಟೆ ಮೈಮೇಲಿರಬೇಕು. ಒಂದೊಂದು ಜಾಗಕ್ಕೆ ಒಂದೊಂದು ನಿಯಮ, ಎಲ್ಲ ಕಡೆ ಎಲ್ಲ ತಿಂಗಳೂ ಹಂದಿಗೆ ಅವಕಾಶ ಇರುವುದಿಲ್ಲ. ಇಲಾಖೆಯ ನಕ್ಷೆಯ ಪುಸ್ತಕದಲ್ಲಿ ಆ ಪುಟ ಓದಿಕೊಂಡೇ ಹೊರಡಿ. ಇಲ್ಲಿನ ಹಂದಿ ಮನುಷ್ಯನ ವಾಸನೆ ಬಂದರೆ ದೂರ ಸರಿಯಲು ಕಲಿತದ್ದು. ರಸ್ತೆಯಿಂದ ಒಂದು ಮೈಲಿ ಒಳಗೆ, ಹಳ್ಳದ ಕೆಸರಿನ ಪಕ್ಕ ಇರುತ್ತದೆ. ಹೊಡೆದ ಮೇಲೆ ಅಷ್ಟು ದೂರ ಹೊತ್ತು ತರಬೇಕು. ನಡೆಯಲು ಇಷ್ಟ ಇರುವ, ಬರಿಗೈಲಿ ವಾಪಸ್ ಬಂದರೂ ಬೇಸರ ಮಾಡಿಕೊಳ್ಳದ ಇಬ್ಬರಿಗೆ ಇದು ಒಳ್ಳೆಯ ದಾರಿ. ಮೊದಲ ಸಲದವರಿಗೆ ನಾನು ಹೇಳುವುದಿಲ್ಲ. ಇಲಾಖೆ ಲಾಟರಿ ಮೂಲಕ ಕೊಡುವ ಶಿಕಾರಿಗಳೂ ಇವೆ. ಅರ್ಜಿಗೆ ಕೆಲವೇ ಡಾಲರ್. ಹಾಕಿಟ್ಟರೆ ನಷ್ಟವಿಲ್ಲ.

ಮೂರನೆಯದು ಹಣ ಕೊಟ್ಟು ಹೋಗುವ ರಾಂಚ್. ಮೊದಲ ಸಲಕ್ಕೆ ಇದೇ ಸರಿ. ಬೇಲಿ ಎತ್ತರ ಇಲ್ಲದ, ಹಂದಿ ತಾನಾಗಿ ಬಂದು ಹೋಗುವ ಜಾಗ ಕೇಳಿ. ಎಂಟಡಿ ಬೇಲಿ ಹಾಕಿ ಒಳಗೆ ಬಿಟ್ಟ ಹಂದಿಗೆ ಕೋರೆಯ ಉದ್ದದ ಲೆಕ್ಕದಲ್ಲಿ ಹಣ ಕೇಳುತ್ತಾರೆ. ಅದು ದುಬಾರಿ, ರೈತನಿಗೆ ಉಪಕಾರವೂ ಇಲ್ಲ. ನೀವೇ ಅಟ್ಟಣಿಗೆಯಲ್ಲಿ ಕೂತು ನೀವೇ ಸುಲಿದುಕೊಳ್ಳುವ ಸಾದಾ ಶಿಕಾರಿಗೆ ಒಬ್ಬರಿಗೆ ದಿನಕ್ಕೆ 100ರಿಂದ 200 ಡಾಲರ್ ಆಸುಪಾಸು ಇಟ್ಟುಕೊಳ್ಳಿ. ಥರ್ಮಲ್ ದುರ್ಬೀನು (ಕತ್ತಲಲ್ಲಿ ಮೈ ಬಿಸಿಯಿಂದ ಪ್ರಾಣಿಯನ್ನು ತೋರಿಸುವಂಥದ್ದು), ಗೈಡ್ ಸಮೇತ ರಾತ್ರಿ ಶಿಕಾರಿ ಅಂದರೆ ಒಂದು ರಾತ್ರಿಗೇ 300 ದಾಟುತ್ತದೆ.

ಬುಕ್ ಮಾಡುವ ಮೊದಲು ಫೋನ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ. ಇವನ್ನು ಕೇಳದೆ ಮುಂಗಡ ಕಳಿಸಬೇಡಿ:

- ದಿನದ ಬಾಡಿಗೆ ಬಿಟ್ಟು ಹೊಡೆದ ಹಂದಿಗೆ ಬೇರೆ ಹಣ ಇದೆಯಾ? ಎರಡನೆಯದಕ್ಕೆ, ಮೂರನೆಯದಕ್ಕೆ?
- ಗುಂಡು ತಗುಲಿ ಸಿಗದೆ ಹೋದ ಹಂದಿಗೂ ಹಣ ಕೊಡಬೇಕಾ?
- ಫೀಡರ್ ಈಗ ನಡೆಯುತ್ತಿದೆಯಾ, ಅಥವಾ ನಾವು ಬಂದ ದಿನ ತುಂಬುತ್ತೀರಾ? ಫೀಡರ್ ಹತ್ತಿರ ಕಟ್ಟಿದ ಕ್ಯಾಮೆರಾದ ಈ ವಾರದ ಫೋಟೊ ಕಳಿಸಬಹುದಾ?
- ಸುಲಿಯಲು ಕಂಬ, ನೀರು, ತಣ್ಣನೆಯ ಕೋಣೆ ಇದೆಯಾ?
- ಮಳೆ ಬಂದು ದಾರಿ ಕೆಸರಾದರೆ ಮುಂಗಡ ವಾಪಸ್ಸಾ, ಬೇರೆ ದಿನ ಕೊಡುತ್ತೀರಾ?

ಕ್ಯಾಮೆರಾ ಫೋಟೊದ ಪ್ರಶ್ನೆ ಮುಖ್ಯ. ಫೋಟೊದ ಮೇಲೆ ದಿನಾಂಕ, ಗಂಟೆ ಇರುತ್ತದೆ. ಎಲ್ಲ ಫೋಟೊ ರಾತ್ರಿ ಎರಡು ಗಂಟೆಯದ್ದಾದರೆ ಹಗಲು ಕೂತು ಪ್ರಯೋಜನ ಇಲ್ಲ.

ಕೋವಿ, ತೋಟೆ, ಉಳಿದ ಸಾಮಾನು

ಮೊದಲ ಸಲಕ್ಕೆ ಕೋವಿ ಕೊಳ್ಳಬೇಡಿ. ನಾಲ್ಕು ಜನರ ಗುಂಪಿಗೆ ಎರಡು ರೈಫಲ್ ಸಾಕು. ಗೆಳೆಯರಲ್ಲಿ ಒಬ್ಬರ ಹತ್ತಿರ ಇದ್ದರೆ ಎರವಲು ತೆಗೆದುಕೊಳ್ಳಿ, ಇಲ್ಲವೇ ರಾಂಚ್‌ನಲ್ಲಿ ಬಾಡಿಗೆಗೆ ಕೇಳಿ. ಕೊಳ್ಳುವುದೇ ಆದರೆ ಸ್ಕೋಪ್ ಸಮೇತ ಸಾದಾ ಬೋಲ್ಟ್ ರೈಫಲ್ 500 ಡಾಲರ್ ಒಳಗೆ ಸಿಗುತ್ತದೆ. ತೋಟೆಯ ಅಳತೆ .243ಗಿಂತ ಚಿಕ್ಕದು ಬೇಡ. .308, 6.5 ಕ್ರೀಡ್‌ಮೋರ್ ಇವುಗಳಿಗೆ ತೋಟೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹಳೆಯ .30-30 ಲಿವರ್ ರೈಫಲ್ ನೂರು ಗಜದೊಳಗೆ ಹಂದಿಗೆ ಹೇಳಿ ಮಾಡಿಸಿದ್ದು. ಎಆರ್-15 ರೈಫಲ್‌ನ .223 ತೋಟೆ ಇಲ್ಲಿ ಕಾನೂನಿಗೆ ಸರಿ, ಆದರೆ ಹೊಸಬರ ಕೈಗೆ ಅಲ್ಲ. ಗುರಿ ನಾಲ್ಕು ಇಂಚು ತಪ್ಪಿದರೂ ಪ್ರಾಣಿ ನರಳುತ್ತದೆ.

ಹೊರಡುವ ವಾರ ರೇಂಜ್‌ಗೆ ಹೋಗಿ, ಅದೇ ಕೋವಿಯಲ್ಲಿ ಅದೇ ತೋಟೆ ಹಾಕಿ ಗುರಿ ಸರಿ ಮಾಡಿಕೊಳ್ಳಿ. ಇದಕ್ಕೆ ಮಾಡುವ ಖರ್ಚನ್ನು ಉಳಿಸಲು ನೋಡಬೇಡಿ.

ಉಳಿದದ್ದರಲ್ಲಿ ಹೆಚ್ಚಿನದು ಮನೆಯಲ್ಲೇ ಇದೆ. ಮಾಸಲು ಬಣ್ಣದ ಬಟ್ಟೆ ಸಾಕು, ಎಲೆ ಚಿತ್ತಾರದ ಉಡುಪು ಬೇಕಿಲ್ಲ, ಹಂದಿಯ ಕಣ್ಣು ಮಂದ. ಕಣಕಾಲು ಮುಚ್ಚುವ ಬೂಟು, ತಲೆಗೆ ಕಟ್ಟುವ ಟಾರ್ಚ್, ಒಂದು ಕೆಂಪು ದೀಪ, ಎರಡು ಚೂಪಾದ ಚಾಕು, ಒಂದು ಪೆಟ್ಟಿಗೆ ನೈಟ್ರೈಲ್ ಗ್ಲೌಸ್, ದೊಡ್ಡ ಕೂಲರ್‌ಗಳು. ಪೆರ್ಮೆಥ್ರಿನ್ ಸಿಂಪಡಿಸಿ ಒಣಗಿಸಿದ ಪ್ಯಾಂಟು ಹಾಕಿಕೊಂಡರೆ ಉಣ್ಣೆ ಹತ್ತುವುದಿಲ್ಲ.

ಲೆಕ್ಕ

ಡಾಲಸ್‌ನಿಂದ ನಾಲ್ಕು ಜನ ಒಂದೇ ಗಾಡಿಯಲ್ಲಿ ಹೋಗಿ, ಎರಡು ದಿನ ರಾಂಚ್‌ನಲ್ಲಿ ಇದ್ದು ಬರುತ್ತಾರೆ ಅಂದುಕೊಳ್ಳಿ. ಒಬ್ಬರ ಪಾಲಿಗೆ ಅಂದಾಜು ಹೀಗೆ ಬರುತ್ತದೆ. ರಾಂಚ್ ದಿನಕ್ಕೆ 150ರಂತೆ 300 ಡಾಲರ್. ಲೈಸೆನ್ಸ್ 25. ಹೋಗಿ ಬರಲು 400 ಮೈಲಿಯ ಗ್ಯಾಸ್ 60, ಅದರಲ್ಲಿ ನಿಮ್ಮ ಪಾಲು 15. ಊಟ ನೀವೇ ಮಾಡಿಕೊಂಡರೆ 25. ಐಸ್ 10. ಹೆಚ್ಚುವರಿ ಜೋಳ 8. ತೋಟೆ ಒಂದು ಪೆಟ್ಟಿಗೆ 35. ಒಟ್ಟು 418. ಸಹಾಯ ಮಾಡಿದ ಕೈಯಾಳಿಗೆ 30 ಕೊಟ್ಟರೆ 448.

ಅದೇ ಲೆಕ್ಕ ರೈತನ ಜಮೀನಿನಲ್ಲಾದರೆ 118ಕ್ಕೆ ಇಳಿಯುತ್ತದೆ. ಸರ್ಕಾರಿ ಕಾಡಿನಲ್ಲಾದರೆ ಜೋಳ ಕಳೆದು ಪರ್ಮಿಟ್ ಕೂಡಿಸಿ 158. ಮಾಂಸವನ್ನು ಅಂಗಡಿಯಲ್ಲಿ ಕಡಿಸಿದರೆ ಹಂದಿಯೊಂದಕ್ಕೆ 100 ಡಾಲರ್ ಅಥವಾ ಇನ್ನೂ ಜಾಸ್ತಿ ಸೇರಿಸಿಕೊಳ್ಳಿ. ಹಾಗಾಗಿಯೇ ಚಾಕು ಹಿಡಿಯಲು ಕಲಿಯಿರಿ ಅನ್ನುತ್ತೇನೆ.

ಕೂತು ಕಾಯುವಾಗ

ಮಲೆನಾಡಿನಲ್ಲಿ ಮರಸು ಕೂರುವುದು ಅಂತ ಕೇಳಿರುತ್ತೀರಲ್ಲ, ಇಲ್ಲಿಯೂ ಅದೇ. ಮರದ ಮೇಲಿನ ಅಟ್ಟಣಿಗೆ ಬದಲು ಡಬ್ಬದಂಥ ಸಣ್ಣ ಗೂಡು, ಮುಂದೆ 60ರಿಂದ 100 ಗಜದಲ್ಲಿ ಟೈಮರ್ ಇರುವ ಫೀಡರ್. ಅದು ಬೆಳಗ್ಗೆ, ಸಂಜೆ ಜೋಳ ಚೆಲ್ಲುತ್ತದೆ. ಚೆಲ್ಲುವ ಹೊತ್ತಿಗೆ ಒಂದು ಗಂಟೆ ಮೊದಲೇ ಕೂತಿರಬೇಕು.

ಎಲ್ಲಕ್ಕಿಂತ ದೊಡ್ಡದು ಗಾಳಿ. ಹಂದಿಗೆ ಕಣ್ಣು ಸರಿಯಾಗಿ ಕಾಣದಿದ್ದರೂ ಮೂಗು ಬಹಳ ಚುರುಕು. ಗಾಳಿ ನಿಮ್ಮ ಬೆನ್ನಿನಿಂದ ಫೀಡರ್ ಕಡೆ ಬೀಸುತ್ತಿದ್ದರೆ ಆ ಗೂಡು ಬಿಟ್ಟು ಬೇರೆ ಗೂಡು ಕೇಳಿ. ಸ್ವಲ್ಪ ಟಾಲ್ಕಂ ಪೌಡರ್ ಗಾಳಿಗೆ ಬಿಟ್ಟರೆ ದಿಕ್ಕು ಗೊತ್ತಾಗುತ್ತದೆ.

ಖಾಸಗಿ ಜಮೀನಿನಲ್ಲಿ ಕಾಳು ಹಾಕಬಹುದು. ಹೋಗುವ ನಾಲ್ಕೈದು ದಿನ ಮೊದಲು ಜೋಳವನ್ನು ಬಕೆಟ್‌ನಲ್ಲಿ ನೀರು ಹಾಕಿ ಮುಚ್ಚಿಡಿ. ಹುಳಿ ಬಂದು ನಾತ ಹೊಡೆಯುತ್ತದೆ. ಆ ವಾಸನೆಗೆ ಹಂದಿ ದೂರದಿಂದ ಬರುತ್ತದೆ, ಜಿಂಕೆ ಹತ್ತಿರ ಸುಳಿಯುವುದಿಲ್ಲ.

ರಾತ್ರಿ ಕೂರುವುದಾದರೆ ಖಾಸಗಿ ಜಮೀನಿನಲ್ಲಿ ದೀಪ ಬಳಸಬಹುದು. ಆ ಕೌಂಟಿಯ ಗೇಮ್ ವಾರ್ಡನ್‌ಗೆ (ಶಿಕಾರಿ ಕಾನೂನು ನೋಡಿಕೊಳ್ಳುವ ಅಧಿಕಾರಿ) ಅಥವಾ ಶೆರಿಫ್ ಆಫೀಸಿಗೆ ಮೊದಲೇ ಫೋನ್ ಮಾಡಿ ಹೇಳಿಡಿ. ಕತ್ತಲಲ್ಲಿ ದೀಪ, ಗುಂಡಿನ ಸದ್ದು ಕಂಡರೆ ನೆರೆಯವರು ಕದ್ದು ಹೊಡೆಯುವವರು ಅಂತ ದೂರು ಕೊಡುತ್ತಾರೆ. ಗುರಿಯ ಹಿಂದೆ ಏನಿದೆ ಅಂತ ಕಾಣದಿದ್ದರೆ ಹೊಡೆಯಲೇಬೇಡಿ. ಗುಂಪಿನಲ್ಲಿ ಯಾರು ಯಾವ ಗೂಡಿನಲ್ಲಿ ಇದ್ದಾರೆ, ಯಾರು ಎಷ್ಟು ಹೊತ್ತಿಗೆ ಇಳಿಯುತ್ತಾರೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಬಿಯರ್ ಏನಿದ್ದರೂ ಕೋವಿ ಪೆಟ್ಟಿಗೆಗೆ ಸೇರಿದ ಮೇಲೆ.

ಹಿಂಡು ಬಂದಾಗ ಮೊದಲು ಕಂಡದ್ದಕ್ಕೆ ಹೊಡೆಯುವ ಆತುರ ಬೇಡ. ಅಡುಗೆಗೆ ಒಳ್ಳೆಯದು 60ರಿಂದ 100 ಪೌಂಡ್‌ನ ಹೆಣ್ಣು. ಕೋರೆ ಬೆಳೆದ ಒಂಟಿ ಸಲಗ ಫೋಟೊಗೆ ಚೆಂದ, ಪಾತ್ರೆಯಲ್ಲಿ ನಾರುತ್ತದೆ. ಅಡ್ಡಲಾಗಿ ನಿಂತಾಗ ಮಾತ್ರ ಹೊಡೆಯಿರಿ. ಹಂದಿಯ ಗುಂಡಿಗೆ ಜಿಂಕೆಯದ್ದಕ್ಕಿಂತ ಮುಂದಕ್ಕೆ, ಕೆಳಕ್ಕೆ ಇರುತ್ತದೆ. ಮುಂಗಾಲಿನ ನೇರಕ್ಕೆ ಗುರಿ ಹಿಡಿದು, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಹೊಡೆಯಬೇಕು. ಜಿಂಕೆಗೆ ಹೊಡೆದಂತೆ ಭುಜದ ಹಿಂದಕ್ಕೆ ಹೊಡೆದರೆ ಗುಂಡು ಹೊಟ್ಟೆಗೆ ಹೋಗುತ್ತದೆ. ದೊಡ್ಡ ಗಂಡಿನ ಭುಜದ ಮೇಲೆ ದಪ್ಪ ಗಟ್ಟಿ ಚರ್ಮದ ಕವಚ ಇರುತ್ತದೆ, ಸಣ್ಣ ಗುಂಡು ಅಲ್ಲಿಯೇ ನಿಂತುಬಿಡಬಹುದು.

ಬೀಳದೆ ಓಡಿದರೆ ಅರ್ಧ ಗಂಟೆ ಕೂತಲ್ಲೇ ಕೂತಿರಿ. ಹಂದಿಯ ನೆಣ ಗಾಯವನ್ನು ಮುಚ್ಚಿಬಿಡುವುದರಿಂದ ರಕ್ತದ ಗುರುತು ಕಡಿಮೆ ಸಿಗುತ್ತದೆ. ರಕ್ತ ಕಾಣಲಿಲ್ಲ ಅಂದರೆ ಗುಂಡು ತಪ್ಪಿತು ಅಂತ ಅರ್ಥವಲ್ಲ. ಇಬ್ಬರು ಸೇರಿ, ಒಬ್ಬರು ದೀಪ, ಒಬ್ಬರು ಕೋವಿ ಹಿಡಿದು ಹುಡುಕಿ. ದಟ್ಟ ಪೊದೆಗೆ ಕತ್ತಲಲ್ಲಿ ನುಗ್ಗಬೇಡಿ. ಗಾಯಗೊಂಡ ಹಂದಿ ತಿರುಗಿ ಬೀಳುತ್ತದೆ, ಅದರ ಕೋರೆ ತೊಡೆಯ ಎತ್ತರಕ್ಕೆ ಬರುತ್ತದೆ. ಆದರೆ ಹುಡುಕದೆ ಬಿಟ್ಟು ಬರುವುದು ಮಾತ್ರ ಮಾಡಬೇಡಿ. ಕಾಟ ಕೊಡುವ ಪ್ರಾಣಿ ಅಂತ ನೋವು ಕಡಿಮೆ ಇರುವುದಿಲ್ಲ.

ಬಿದ್ದ ಮೇಲೆ

ಗ್ಲೌಸ್ ಹಾಕದೆ ಮುಟ್ಟಬೇಡಿ. ಇಲ್ಲಿನ ಕೆಲವು ಹಂದಿಗಳಲ್ಲಿ ಬ್ರೂಸೆಲ್ಲೋಸಿಸ್ ಅನ್ನುವ ರೋಗ ಇರುತ್ತದೆ, ರಕ್ತದಿಂದ, ಕೈ ಮೇಲಿನ ಸಣ್ಣ ಗೀರಿನಿಂದ ನಮಗೆ ಅಂಟುತ್ತದೆ. ಕೆಲವು ವಾರಗಳ ನಂತರ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬಂದರೆ ಕಾಡುಹಂದಿಯ ಮಾಂಸ ಕಡಿದಿದ್ದೆ ಅಂತ ಡಾಕ್ಟರ್‌ಗೆ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ.

ಸುಲಿದಾಗ ನೆಣ ನೀಲಿ ಬಣ್ಣಕ್ಕಿದ್ದರೆ ಆ ಹಂದಿಯನ್ನು ತಿನ್ನಬೇಡಿ. ಟೆಕ್ಸಾಸ್‌ನಲ್ಲಿ ವಾರ್ಫರಿನ್ ಬೆರೆಸಿದ ವಿಷದ ಆಹಾರ ಇಡಲು ಅನುಮತಿ ಇದೆ. ಅದನ್ನು ತಿಂದ ಹಂದಿಯ ನೆಣ ನೀಲಿಯಾಗುವಂತೆ ಬಣ್ಣ ಸೇರಿಸಿರುತ್ತಾರೆ. ಜಮೀನುದಾರನನ್ನು ಮೊದಲೇ ಕೇಳಿಬಿಡಿ.

ಕೆಲಸ ಸುಲಭ ಮಾಡುವ ಕ್ರಮ ಇದು. ಹೊಟ್ಟೆ ಬಗೆಯಬೇಡಿ. ಒಂದು ಪಕ್ಕಕ್ಕೆ ಮಲಗಿಸಿ ಬೆನ್ನಿನ ಗೆರೆಯಿಂದ ಚರ್ಮ ಸೀಳಿ ಕೆಳಕ್ಕೆ ಸುಲಿಯಿರಿ. ಮುಂಗಾಲು ಮೂಳೆಗೆ ಸೇರಿಲ್ಲ, ಬರೀ ಮಾಂಸಕ್ಕೆ ಅಂಟಿರುತ್ತದೆ. ಎತ್ತಿ ಹಿಡಿದು ಚಾಕು ಆಡಿಸಿದರೆ ಬರುತ್ತದೆ. ಹಿಂದೊಡೆಯನ್ನು ಸೊಂಟದ ಕೀಲಿನಲ್ಲಿ ಬಿಡಿಸಿ. ಬೆನ್ನುಮೂಳೆಯ ಉದ್ದಕ್ಕೂ ಇರುವ ಮಾಂಸವನ್ನು ಪಟ್ಟಿಯಾಗಿ ತೆಗೆಯಿರಿ. ತಿರುಗಿಸಿ ಇನ್ನೊಂದು ಪಕ್ಕವೂ ಹಾಗೆಯೇ. ಕರುಳು ಒಡೆಯುವ ಭಯವಿಲ್ಲ, ಮಾಂಸಕ್ಕೆ ನಾತ ತಾಗುವುದಿಲ್ಲ.

ಕೂಡಲೇ ಐಸ್‌ಗೆ ಹಾಕಿ. ಕೂಲರ್‌ನ ಕೆಳಗಿನ ಬಿರಡೆ ತೆಗೆದು, ಆ ಕಡೆ ಸ್ವಲ್ಪ ತಗ್ಗಿಸಿಡಿ. ಕರಗಿದ ನೀರು, ರಕ್ತ ಹೋಗಲಿ, ಮೇಲಿನಿಂದ ಹೊಸ ಐಸ್ ಹಾಕುತ್ತಿರಿ. ಮೂರು ನಾಲ್ಕು ದಿನ ಹೀಗಿಟ್ಟರೆ ಮಾಂಸ ಮೆದುವಾಗುತ್ತದೆ, ಕಾಡಿನ ವಾಸನೆಯೂ ತಗ್ಗುತ್ತದೆ. ಮರಿ ಸಿಕ್ಕಿತು ಅಂತ ಜೀವಂತ ಹಿಡಿದು ತರುವುದು ಬೇಡವೇ ಬೇಡ. ಜೀವಂತ ಹಂದಿ ಸಾಗಿಸುವುದಕ್ಕೆ ಇಲ್ಲಿ ಬಿಗಿಯಾದ ಕಾನೂನಿದೆ, ಹಂದಿ ಊರಿಂದೂರಿಗೆ ಹರಡಿದ್ದೇ ಹಾಗೆ. ನೀವು ಹೊಡೆದ ಮಾಂಸವನ್ನು ಮಾರುವಂತೆಯೂ ಇಲ್ಲ. ಹಂಚಬಹುದು.

ಅಡುಗೆಯಲ್ಲಿ ಒಂದೇ ನಿಯಮ: ತುಂಡಿನ ಒಳಗೆ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು. ಹತ್ತು ಡಾಲರ್‌ನ ಥರ್ಮಾಮೀಟರ್ ಚುಚ್ಚಿ ನೋಡಿ. ಫ್ರೀಜರ್‌ನಲ್ಲಿ ಇಟ್ಟರೆ, ಹೊಗೆ ಹಾಕಿ ಒಣಗಿಸಿದರೆ ರೋಗಾಣು ಸಾಯುತ್ತದೆ ಅಂತ ನಂಬಬೇಡಿ. ನಮ್ಮ ಅಡುಗೆಗೆ ಇದು ಕಷ್ಟವಲ್ಲ. ಪಂದಿ ಕರಿ ಗಂಟೆಗಟ್ಟಲೆ ಬೇಯುವಂಥದ್ದೇ. ಕಾಡಿನ ಹಂದಿಯಲ್ಲಿ ನೆಣ ಕಡಿಮೆ, ಹಾಗಾಗಿ ಭುಜದ ತುಂಡುಗಳನ್ನು ಸಣ್ಣ ಉರಿಯಲ್ಲಿ, ಅಂಗಡಿಯ ಹಂದಿ ಮಾಂಸಕ್ಕಿಂತ ಹೆಚ್ಚು ಹೊತ್ತು ಬೇಯಿಸಿ. ಹುರಿದು ಕಪ್ಪಾಗಿಸಿದ ಮಸಾಲೆ, ಕೊನೆಯಲ್ಲಿ ಕಾಚಂಪುಳಿ. ಹಿಂದೊಡೆ ಸಾರಿಗೆ, ಬೆನ್ನಿನ ಪಟ್ಟಿ ಮೆಣಸು ಹಾಕಿ ಹುರಿಯಲು. ವಯಸ್ಸಾದ ಗಂಡಾದರೆ ಎಲ್ಲವನ್ನೂ ಕೈಮಾ ಮಾಡಿಸಿ.

ವಿಮಾನದಲ್ಲಿ ಬೇರೆ ರಾಜ್ಯಕ್ಕೆ ಒಯ್ಯುವವರು ಪೂರ್ತಿ ಗಟ್ಟಿಯಾಗಿ ಫ್ರೀಜ್ ಮಾಡಿ, ಸೋರದ ಕೂಲರ್‌ನಲ್ಲಿ ಚೆಕ್-ಇನ್ ಲಗೇಜ್‌ಗೆ ಹಾಕಿ. ಡ್ರೈ ಐಸ್ ಒಬ್ಬರಿಗೆ 2.5 ಕಿಲೋವರೆಗೆ ಮಾತ್ರ, ಅದೂ ವಿಮಾನ ಕಂಪನಿಗೆ ಮೊದಲೇ ಹೇಳಿ. ಮನೆಯಲ್ಲಿ ನಾಯಿ ಇದ್ದರೆ ಹಸಿ ತುಂಡು, ಮೂಳೆ ಯಾವುದನ್ನೂ ಹಾಕಬೇಡಿ. ಈ ಹಂದಿಗಳಲ್ಲಿರುವ ಸ್ಯೂಡೊರೇಬಿಸ್ ಅನ್ನುವ ವೈರಸ್ ಮನುಷ್ಯರಿಗೆ ಸಾಮಾನ್ಯವಾಗಿ ಏನೂ ಮಾಡದಿದ್ದರೂ ನಾಯಿಯನ್ನು ಕೊಲ್ಲುತ್ತದೆ.